ಉಪ್ಪಿನ ಹದ

ಎಚ್ಚರವಾದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಕಾಂತಮ್ಮ ಮಗ್ಗುಲು ಬದಲಿಸದೆ ಹಾಗೆಯೇ ಮಲಗಿ ಅದನ್ನು ಕೇಳಿಸಿಕೊಂಡಳು. ದಿಂಬಿಗೊತ್ತಿದ ಕಿವಿಯೊಳಗೆ ಯಾರೋ ಅವಸರದಲ್ಲಿ ಅವಲಕ್ಕಿ ಕುಟ್ಟುತ್ತಿರುವ ಹಾಗಿತ್ತು. ಕಂಬಳಿ ಯಾವಾಗಲೋ ಕಾಲಬಳಿ ಸೇರಿತ್ತು. ಕುತ್ತಿಗೆಯ ಹಿಂದೆ ಬೆವರಿಳಿದು ರವಿಕೆಯ ಅಂಚು ಒದ್ದೆಯಾಗಿತ್ತು. ಜನವರಿ ತಿಂಗಳು, ಕಾಫಿ ಕೊಯ್ಲಿನ ಕಾಲ. ಪಕ್ಕದಲ್ಲಿ ಗಂಡ ಸಣ್ಣಸ್ವಾಮಿ ಮಂಡಿಯನ್ನು ಎದೆಗೆಳೆದುಕೊಂಡು ಚಳಿಗೆ ಮುದುರಿ ಮಲಗಿದ್ದ. ಹೊರಗೆ ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡಿನಲ್ಲಿ, ತಣ್ಣಗಾಗಿ ಸ್ಟಾರ್ಟಾಗದ ಲಾರಿಯೊಂದನ್ನು ಜನ ಕೂಗುತ್ತಾ ತಳ್ಳುತ್ತಿದ್ದರು. ಇದು ವಯಸ್ಸಿನ ಬೆವರೋ ಗುಳಿಗೆಯ ಬೆವರೋ ಎಂದು ಅವಳು ಯೋಚಿಸಿದಳು. ಮುಟ್ಟು ನಿಂತು ವರ್ಷ ಕಳೆದಿತ್ತು. ಒಂದಿದ್ದ ಗುಳಿಗೆ ಎರಡಾಗಿ ಕೆಲವು ವಾರಗಳಾಗಿದ್ದವು. ಮೈ ಬಿಸಿಯಾದರೆ ಯಾವುದನ್ನು ಬೈಯಬೇಕೆಂದು ತಿಳಿಯದೆ ಎರಡನ್ನೂ ಬೈದುಕೊಂಡು ಎದ್ದಳು. ಅಡುಗೆಮನೆಯಲ್ಲಿ ಆಗಲೇ ಒಲೆಯ ಬೆಳಕಿತ್ತು. ತೀರಿಕೊಂಡ ಮೈದುನನ ಹೆಂಡತಿ, ಓರಗಿತ್ತಿ ರಾಮಮ್ಮ, ಎಂದಿನಂತೆ ಅವಳಿಗಿಂತ ಮೊದಲೇ ಎದ್ದಿದ್ದಳು.

ಮನೆಯ ಮುಂಭಾಗವೇ ಹೋಟೆಲು. ಬೋರ್ಡು ಇರಲಿಲ್ಲ. ಲಾರಿಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಮೆಣಸಿನ ದಲ್ಲಾಳಿಗಳು ಎಲ್ಲರೂ ‘ಹಾಸನದವರ ಹೋಟ್ಲು’ ಎಂದೇ ಕರೆಯುತ್ತಿದ್ದರು. ಆ ಪೇಟೆಯಲ್ಲಿ ಮುದ್ದೆ, ಹುರುಳಿ ಸಾರು ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಆ ಸಾರು ಕಾಂತಮ್ಮನ ಕೈಯದು ಎಂದು ಎಲ್ಲರಿಗೂ ಗೊತ್ತಿತ್ತು. ಹುರುಳಿಯನ್ನು ಎಷ್ಟು ಬೇಯಿಸಬೇಕು, ಕಟ್ಟನ್ನು ಯಾವಾಗ ಬಸಿಯಬೇಕು, ಬೆಳ್ಳುಳ್ಳಿ ಸುಟ್ಟು ಹಾಕಬೇಕೋ ಹಸಿಯೋ, ಇದನ್ನೆಲ್ಲ ಅವಳು ಯಾರಿಗೂ ಹೇಳಿಕೊಟ್ಟವಳಲ್ಲ. ಹೇಳಿಕೊಡುವಂಥದ್ದು ಅದರಲ್ಲಿ ಏನಿದೆಯೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ಈಗ ಒಲೆಯ ಮುಂದೆ ಕುಳಿತು ತಪ್ಪಲೆಗೆ ಹುರುಳಿ ಸುರಿಯುವಾಗ ಕೈ ನಡುಗಿ ನಾಲ್ಕು ಕಾಳು ಬೆಂಕಿಗೆ ಬಿದ್ದು ಸಿಡಿದವು. ರಾಮಮ್ಮ ತಟ್ಟನೆ ತಿರುಗಿ ನೋಡಿದಳು. ಕಾಂತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಗುಳಿಗೆ ಶುರುವಾಗುವ ಮುಂಚಿನ ಎರಡು ವರ್ಷ ಅವಳಿಗೆ ಎದೆಯೊಂದಿದೆ ಎನ್ನುವುದೇ ತಿಳಿದಿರಲಿಲ್ಲ. ಆಗಲೂ ಇದೇ ಒಲೆಯ ಮುಂದೆಯೇ ಕುಳಿತಿರುತ್ತಿದ್ದಳು, ಬೇಸಿಗೆಯಲ್ಲೂ ಕಂಬಳಿ ಹೊದ್ದು, ಕಾಲು ಬೂದಿಯ ಅಂಚಿಗಿಟ್ಟು. ಯಾರಾದರೂ ಏನಾದರೂ ಹೇಳಿದರೆ ಆ ಮಾತು ಎಲ್ಲೋ ದೂರದ ಗದ್ದೆಯಿಂದ ನಡೆದು ಬಂದಂತೆ ಬರುತ್ತಿತ್ತು. ಅವಳು ಉತ್ತರ ಕೊಡುವಷ್ಟರಲ್ಲಿ ಹೇಳಿದವರು ಎದ್ದು ಹೋಗಿರುತ್ತಿದ್ದರು. ಮುಖ ಊದಿತ್ತು. ಹುಬ್ಬಿನ ಕೊನೆಯ ಕೂದಲು ಉದುರಿ ಬೋಳಾಗಿತ್ತು. ಮೊದಮೊದಲು ಮುಟ್ಟು ಬಂದರೆ ನಿಲ್ಲದೆ ಹೋಗುತ್ತಿತ್ತು, ಆಮೇಲೆ ಒಂದು ದಿನ ಪೂರ್ತಿ ನಿಂತೇಹೋಯಿತು. ಬಾವಿಕಟ್ಟೆಯಲ್ಲಿ ಹೆಂಗಸರು, ಎಲ್ಲರಿಗೂ ಹೀಗೇ, ಈ ಕಾಲದಲ್ಲಿ ಮೈ ಭಾರವಾಗುತ್ತೆ, ಕೆಲವರು ಅದನ್ನೇ ನೆಪ ಮಾಡಿಕೊಂಡು ಕೂತುಬಿಡುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು. ಕೂತುಬಿಡುತ್ತಾರೆ ಎನ್ನುವಾಗ ಅವಳತ್ತ ನೋಡುತ್ತಿರಲಿಲ್ಲ, ಅಷ್ಟೇ. ಒಮ್ಮೆ ಕುಶಾಲನಗರದ ನೆಂಟರ ಮನೆಯಿಂದ ಕತ್ತಲಾಗುವ ಹೊತ್ತಿಗೆ ಬಸ್ಸಿನಲ್ಲಿ ಬರುತ್ತಿದ್ದಳು. ತಲೆಯ ಮೇಲೆ ಕಂಬಳಿ ಹೊದ್ದಿದ್ದಳು. ಟಿಕೆಟ್ ಕೇಳಿದ ಕಂಡಕ್ಟರನಿಗೆ ‘ಗೋಣಿಕೊಪ್ಪ’ ಎಂದಳು. ದಪ್ಪಗೆ ಒಡೆದ ಆ ಗಂಟಲು ಕೇಳಿ ಅವನು, ಹೆಂಗಸರ ಸೀಟಲ್ಲಿ ಯಾಕಯ್ಯಾ ಕೂತಿದ್ದೀ, ಹಿಂದೆ ಹೋಗು ಎಂದು ಗದರಿದ. ಕಂಬಳಿ ಸರಿದಾಗ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ನಗು ಬಾಯಿಗೆ ಬರುವಷ್ಟರಲ್ಲಿ ಬೇರೆಯವರು ನಕ್ಕು ಮುಗಿಸಿದ್ದರು. ನಿಶ್ಶಬ್ದವಾದ ಬಸ್ಸಿನಲ್ಲಿ ಅವಳೊಬ್ಬಳ ಒಡಕು ನಗು ಮಾತ್ರ ಕೇಳಿತು. ಆಗ ನಾಚಿಕೆಯೂ ಆಗಿರಲಿಲ್ಲ. ಆ ನಾಚಿಕೆ ಗುಳಿಗೆ ಶುರುವಾದ ಮೇಲೆ ಬಂತು. ಎರಡು ವರ್ಷ ಬಾಕಿಯುಳಿದಿದ್ದ ನಾಚಿಕೆಗಳೆಲ್ಲ ಒಂದೊಂದಾಗಿ ದಾರಿ ಕೇಳಿಕೊಂಡು ಬಂದು ಬಾಗಿಲು ತಟ್ಟತೊಡಗಿದವು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ರಾಮಮ್ಮನೇ. ಮಳೆಗಾಲದ ಒಂದು ಬೆಳಿಗ್ಗೆ ಕಾಂತಮ್ಮ ಕುಳಿತಲ್ಲೇ ತೂಕಡಿಸಿ ಒಲೆಯ ಕಡೆಗೆ ವಾಲಿದ್ದಳಂತೆ. ರಾಮಮ್ಮ ಭಾವನಿಗೆ ಹೇಳಿ, ಒಪ್ಪಿಸಿ, ಅವಳ ಕೈಹಿಡಿದು ವಿರಾಜಪೇಟೆಯ ಬಸ್ಸು ಹತ್ತಿಸಿದಳು. ಡಾಕ್ಟರ್ ದೇರಪ್ಪ ಸೈನ್ಯದಲ್ಲಿದ್ದು ಬಂದವರು. ಪೇಟೆಯ ಮೇಲ್ಬೀದಿಯಲ್ಲಿ ಸ್ವಂತ ಔಷಧಾಲಯ ಇಟ್ಟುಕೊಂಡಿದ್ದರು. ಕಾಂತಮ್ಮನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ಕೂರಿಸಿ ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ವಾಪಸು ಬರಲು ಮನಸ್ಸಿಲ್ಲದಂತೆ ನಿಧಾನವಾಗಿ ಇಳಿಯಿತು. ಅವರು ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದರು. ಆಮೇಲೆ, ಕೊರಳಿನ ಬುಡದಲ್ಲಿ ಒಂದು ಗ್ರಂಥಿ ಇದೆ, ಥೈರಾಯ್ಡ್ ಅನ್ನುತ್ತಾರೆ, ಒಲೆಗೆ ಗಾಳಿ ಊದುವ ಕೆಲಸ ಅದರದು, ಅದು ಸೋಮಾರಿಯಾಗಿದೆ ಎಂದರು. ಮುಟ್ಟು ನಿಲ್ಲುವ ಕಾಲವೂ ಜೊತೆಗೇ ಬಂದದ್ದರಿಂದ ಯಾರಿಗೂ ಗೊತ್ತಾಗಿಲ್ಲ, ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿದ್ದೀರಿ ಎಂದೂ ಹೇಳಿದರು. ಕಾಂತಮ್ಮನ ಕಣ್ಣಿಂದ ನೀರು ಬಂತು. ಸೋಮಾರಿ ತಾನಲ್ಲ, ತನ್ನ ಕೊರಳಿನ ಗ್ರಂಥಿ ಎಂದು ಮೊದಲ ಬಾರಿಗೆ ಯಾರೋ ಹೇಳಿದ್ದರು. ಗುಳಿಗೆ ಕುರಿಯ ಕೊರಳಿನ ಗ್ರಂಥಿ ಒಣಗಿಸಿ ಮಾಡಿದ್ದು, ಅಭ್ಯಂತರ ಇಲ್ಲವಲ್ಲ ಎಂದು ಡಾಕ್ಟರು ಕೇಳಿದರು. ಕುರಿ ತಿನ್ನುವವರೇ ಎಂದು ರಾಮಮ್ಮ ಉತ್ತರ ಕೊಟ್ಟಳು. ಎಷ್ಟು ದಿನ ತಗೋಬೇಕು ಎಂದು ಕೇಳಿದ್ದಕ್ಕೆ ಡಾಕ್ಟರು ನಕ್ಕು, ಉಸಿರಿರುವಷ್ಟು ದಿನ ಎಂದರು.

ಕಾಲು ಗುಳಿಗೆ, ಅರ್ಧ ಗುಳಿಗೆ, ಆಮೇಲೆ ಒಂದು. ದೀಪಾವಳಿಯ ಹೊತ್ತಿಗೆ ಮುಖ ಇಳಿಯಿತು. ಒಂದು ಮಧ್ಯಾಹ್ನ ಯಾರೋ ತೋಟದವರು ಕೊಟ್ಟುಹೋದ ಕಿತ್ತಳೆಯನ್ನು ಸುಲಿಯುವಾಗ ಸಿಪ್ಪೆಯ ರಸ ತುಟಿಗೆ ಸಿಡಿದು ಚುರ್ ಎಂದಿತು. ಕಾಂತಮ್ಮ ಹಾಗೆಯೇ ನಿಂತಳು. ತೊಳೆ ಬಾಯಿಗಿಟ್ಟಾಗ ಹುಳಿ ದವಡೆಯ ಮೂಲೆ ಹಿಡಿದುಕೊಂಡಿತು. ಇಷ್ಟು ಕಾಲ ತಾನು ತಿಂದದ್ದೆಲ್ಲ ಒದ್ದೆ ಕಾಗದ ಎಂದು ಅವಳಿಗೆ ಆಗ ಗೊತ್ತಾಯಿತು. ಅಂದು ಸಂಜೆ ತನ್ನ ಸಾರನ್ನು ತಾನೇ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. ಉಪ್ಪು ಮುಂದಿತ್ತು, ಬಹಳ ಮುಂದಿತ್ತು. ಮರುದಿನದಿಂದ ಕೈ ತಾನಾಗಿ ಹದಕ್ಕೆ ಬಂತು. ಹೀಗಿರಲಾಗಿ, ಕೊಯ್ಲು ಶುರುವಾದ ಮೇಲೆ ಮತ್ತೆ ತೊಂದರೆ. ಬೆಳಿಗ್ಗೆ ರುಚಿ ನೋಡಿದಾಗ ಸರಿಯಾಗಿದ್ದ ಸಾರು ಮಧ್ಯಾಹ್ನ ಬಡಿಸುವಾಗ ಉಪ್ಪುಪ್ಪಾಗಿರುತ್ತಿತ್ತು. ದಿನವೂ ಅಲ್ಲ, ವಾರಕ್ಕೊಮ್ಮೆಯೋ ಎರಡು ಸಲವೋ. ಅವಳಿಗೆ ಹೊಳೆದದ್ದು ಒಂದೇ ಕಾರಣ. ಡಾಕ್ಟರಿಗೂ ಅದನ್ನೇ ಹೇಳಿದಳು: ಬೆಳಿಗ್ಗೆ ನಾಲಿಗೆ ಸತ್ತಿರುತ್ತದೆ, ಮಧ್ಯಾಹ್ನ ಬದುಕುತ್ತದೆ. ದೇರಪ್ಪನವರು ನಾಡಿ ಹಿಡಿದು, ಸುತ್ತಿಗೆಯಿಂದ ತಟ್ಟಿ, ಹುಬ್ಬು ಗಂಟಿಕ್ಕಿದರು. ಪಾದ ಸರಿಯಾಗಿಯೇ ಇಳಿಯುತ್ತಿದೆಯಲ್ಲ ಎಂದರು. ಆದರೆ ಅವಳು ಬಿಡಲಿಲ್ಲ. ಹೋಟೆಲಿನವಳಿಗೆ ನಾಲಿಗೆ ಹೋದರೆ ಏನುಳಿಯುತ್ತದೆ ಸ್ವಾಮಿ ಎಂದು ಅತ್ತಳು. ಒಲ್ಲದ ಮನಸ್ಸಿನಿಂದ ಅವರು ಎರಡು ಮಾಡಿ ನೋಡೋಣ ಎಂದರು.

ಇವತ್ತೂ ಸಾರು ಹದವಾಗಿಯೇ ಇತ್ತು. ಅನುಮಾನಕ್ಕೆಂದು ಎರಡು ಸಲ, ನಡುವೆ ಬಾಯಿ ತೊಳೆದುಕೊಂಡು ನೋಡಿದ್ದಳು. ಮಧ್ಯಾಹ್ನ ಬೆಂಚುಗಳೆಲ್ಲ ತುಂಬಿದ್ದವು. ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಇಬ್ಬರು ರೈಟರುಗಳು ಮುದ್ದೆ ಮುರಿಯುತ್ತಾ ವಾದಿಸುತ್ತಿದ್ದರು. ಸೇರಿದರೆ ನಮ್ಮ ರಸ್ತೆಗಳು ಹಾಳಾಗುತ್ತವೆ ಎಂದು ಒಬ್ಬ, ಸೇರದಿದ್ದರೆ ನಾವೇ ಹಾಳಾಗುತ್ತೇವೆ ಎಂದು ಇನ್ನೊಬ್ಬ. ರಾಮಮ್ಮ ಬಡಿಸಿಕೊಂಡು ಹೋದಳು. ಜೀಪು ಓಡಿಸುವ ಕುಟ್ಟಪ್ಪ ಒಂದು ತುತ್ತು ನುಂಗಿ, ನೀರು ಕುಡಿದು, ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ದೂಡಿದ. ಅವನು ಹಳೆಯ ಗಿರಾಕಿ, ಮರ್ಯಾದೆಯವನು. ಆ ಮರ್ಯಾದೆಯೇ ಬೈಗುಳಕ್ಕಿಂತ ಹೆಚ್ಚಾಗಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಸಣ್ಣಸ್ವಾಮಿ ತಟ್ಟೆಯನ್ನು ನೋಡಿ, ಅಡುಗೆಮನೆಯ ಬಾಗಿಲನ್ನು ನೋಡಿ, ಕಣ್ಣು ತಗ್ಗಿಸಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಕಾಂತಮ್ಮನ ಎದೆಯಿಂದ ಬಿಸಿಯೊಂದು ಎದ್ದು, ಕೊರಳೇರಿ, ಕಿವಿ ಕೆನ್ನೆ ಹಣೆಗೆ ಹಬ್ಬಿತು. ಒಲೆಯ ಹತ್ತಿರ ಬಂದು ತಪ್ಪಲೆಯಿಂದ ಒಂದು ಹನಿ ನೆಕ್ಕಿದಳು. ಉಪ್ಪು. ಅವಳು ಗೋಡೆಗೊರಗಿ, ಮೂರು ಗುಳಿಗೆ ಕೊಡಿ ಎಂದು ಡಾಕ್ಟರನ್ನು ಹೇಗೆ ಕೇಳುವುದೆಂದು ಲೆಕ್ಕ ಹಾಕತೊಡಗಿದಳು.

ಊಟದ ಹೊತ್ತು ಮುಗಿದು ರಾಮಮ್ಮ ಬಟ್ಟೆ ಒಗೆಯಲು ತೋಡಿನ ನೀರಿಗೆ ಹೋಗಿದ್ದಾಗ ಹಿತ್ತಲ ಬಾಗಿಲಲ್ಲಿ ಮುತ್ತಿ ಬಂದು ನಿಂತಳು. ಸಂತೆಮಾಳದ ಆಚೆ ಹಂದಿ ಸಾಕಿಕೊಂಡಿದ್ದ ಹೆಂಗಸು. ಹೋಟೆಲಿನ ಕಲಗಚ್ಚು ಅವಳಿಗೇ. ಉಳಿದದ್ದು, ಕೆಟ್ಟದ್ದು, ತಪ್ಪಲೆ ತೊಳೆದ ನೀರು ಎಲ್ಲವನ್ನೂ ಸೀಮೆಎಣ್ಣೆ ಡಬ್ಬದಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಅವಳು ಸಣ್ಣಮ್ಮ ಎಂದು ಕರೆಯುವ ರಾಮಮ್ಮನೇ ಯಾವಾಗಲೂ ಸುರಿಯುವುದು. ಇಂದು ಕಾಂತಮ್ಮ ಎದ್ದು ಉಪ್ಪಾದ ಸಾರನ್ನು ಡಬ್ಬಕ್ಕೆ ಬಗ್ಗಿಸಿದಳು. ಮುತ್ತಿ ಡಬ್ಬದ ಬಾಯಿಗೆ ಬಟ್ಟೆ ಕಟ್ಟುತ್ತಾ, ಹಂದಿಯ ವಿಷಯ ಮಾತಾಡುವ ಸಹಜತೆಯಲ್ಲಿ ಕೇಳಿದಳು.

“ದೊಡ್ಡಮ್ಮಾ, ಸಾರು ಇನ್ಮೇಲೆ ದಿನಾ ಸಿಗುತ್ತಾ, ಮೊದ್ಲಿನ ಹಂಗೆ?”

ಯಾವ ಸಾರು ಎಂದು ಕಾಂತಮ್ಮ ಕೇಳಿದಳು.

“ಅದೇ, ನಿಮ್ಮ ತಪ್ಪಲೇದು. ಎರಡು ವರ್ಷ ಸಣ್ಣಮ್ಮ ನಂಗೇ ಸುರೀತಿದ್ರಲ್ಲ, ತಪ್ಪಲೆ ತಪ್ಪಲೇನೇ. ದೀಪಾವಳಿಗೆ ನಿಂತೋಯ್ತು. ಈಗ ಮತ್ತೆ ಆಗೊಮ್ಮೆ ಈಗೊಮ್ಮೆ ಬರ್ತದೆ. ದಿನಾ ಸಿಗೋದಾದ್ರೆ ಇನ್ನೊಂದು ಮರಿ ತಂದು ಕಟ್ಟಣ ಅಂತ.”

ಕಾಂತಮ್ಮ ತಪ್ಪಲೆಯನ್ನು ಕೆಳಗಿಟ್ಟಳು. ಕೇಳಬೇಕಾದದ್ದು ಬೇರೆ ಏನೇನೋ ಇತ್ತು; ಬಾಯಿಗೆ ಬಂದದ್ದು ಮಾತ್ರ, ಅಷ್ಟು ಉಪ್ಪಿಗೆ ಏನು ಮಾಡುತ್ತಿದ್ದೆ ಎಂಬ ಮಾತು. ನೀರು ಬೆರೆಸುತ್ತಿದ್ದೆ, ಇಲ್ಲದಿದ್ದರೆ ಹಂದಿಗೆ ಆಗುವುದಿಲ್ಲ ಎಂದಳು ಮುತ್ತಿ. ಆಮೇಲೆ ದೊಡ್ಡಮ್ಮನ ಮುಖ ನೋಡಿ ಏನೋ ತಪ್ಪಾಯಿತೆಂದು ಅವಳಿಗೂ ಅನ್ನಿಸಿತು. ಮರಿಯ ವಿಷಯ ಆಮೇಲೆ ನೋಡೋಣ ಎಂದು ಡಬ್ಬ ತಲೆಗೇರಿಸಿಕೊಂಡು ಹೊರಟುಹೋದಳು.

ಹಿತ್ತಲ ಕಟ್ಟೆಯ ಮೇಲೆ ಕಾಂತಮ್ಮ ಕುಳಿತಳು. ಎದುರಿಗೆ ಪಕ್ಕದ ವ್ಯಾಪಾರಿ ಹರಡಿದ್ದ ಕಾಫಿ ಹಣ್ಣು ಬಿಸಿಲಿಗೆ ಕಪ್ಪಾಗುತ್ತಿತ್ತು, ಹುಳಿತ ವಾಸನೆ. ಎರಡು ವರ್ಷ. ಬೆಳಿಗ್ಗೆ ಕಂಬಳಿ ಹೊದ್ದು ಕುಳಿತು, ಕಟ್ಟು ಬಸಿದು, ಒಗ್ಗರಣೆ ಹಾಕಿ, ನನ್ನಿಂದ ಇಷ್ಟಾದರೂ ಆಗುತ್ತಿದೆಯಲ್ಲ ಎಂದು ಎದ್ದು ಹೋಗಿ ಮಲಗುತ್ತಿದ್ದಳು. ಉಳಿದದ್ದೇನೂ ಮಾಡದಿದ್ದರೂ ಊರಿಗೆ ಸಾರು ನನ್ನದೇ ಎನ್ನುವುದೊಂದು ಆ ದಿನಗಳ ತಳದಲ್ಲಿ ಕಲ್ಲಿನಂತೆ ಇತ್ತು. ಅವಳು ಮಲಗಿದ ಮೇಲೆ ರಾಮಮ್ಮ ಗಿರಾಕಿಗಳಿಗೆ ಇನ್ನೊಂದು ತಪ್ಪಲೆ ಇಡುತ್ತಿದ್ದಿರಬೇಕು. ಕಾಂತಮ್ಮನದ್ದು ಹಿತ್ತಲಿಗೆ. ಹಾಗಾದರೆ ಕುಟ್ಟಪ್ಪ ಕೈತೊಳೆಯಲು ಬಂದಾಗ, ಅಕ್ಕ, ಇವತ್ತಿನ ಸಾರು ಮಾಡಿದ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದದ್ದು? ಮಡಿಕೇರಿಯಿಂದ ಬಂದ ಅಧಿಕಾರಿಯೊಬ್ಬ ಎರಡನೇ ಸಲ ಹಾಕಿಸಿಕೊಂಡು ತಿಂದು, ಮಾಡಿದವರನ್ನು ನೋಡಬೇಕು ಎಂದು ಬಾಗಿಲವರೆಗೆ ಬಂದದ್ದು? ಆಗ ಅವಳು ಗೋಡೆ ಹಿಡಿದು ಎದ್ದು ನಿಂತು ಕೈ ಮುಗಿದಿದ್ದಳು. ಪಕ್ಕದಲ್ಲೇ ರಾಮಮ್ಮ ಸೌಟು ಹಿಡಿದು ನಿಂತಿದ್ದಳು. ಕೈ ಮುಗಿದದ್ದು ಈಗ ನೆನಪಾಗಿ ಕಾಂತಮ್ಮನಿಗೆ ಅಂಗೈಗಳನ್ನು ಎಲ್ಲಾದರೂ ಹೂತುಬಿಡೋಣ ಎನ್ನಿಸಿತು. ಆ ನಿಧಾನದ ದಿನಗಳೇ ವಾಸಿ ಎಂದೂ ಅನ್ನಿಸಿತು. ಅವಮಾನ ಹತ್ತಿರ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಗುಳಿಗೆಯ ಸೀಸೆಯನ್ನು ಬಾವಿಗೆ ಎಸೆದರೆ ಕೆಲವು ವಾರಗಳಲ್ಲಿ ಮತ್ತೆ ಹಾಗೆಯೇ ಆಗಬಹುದು, ಕಂಬಳಿಯ ಒಳಗೆ ಮಾತು ದೂರದಿಂದ ಕೇಳುತ್ತಾ.

ಸಣ್ಣಸ್ವಾಮಿ ಎಲೆಅಡಿಕೆಗೆಂದು ಹಿತ್ತಲಿಗೆ ಬಂದ. ನಿಮಗೂ ಗೊತ್ತಿತ್ತಾ ಎಂದು ಕೇಳಿದಳು. ಯಾವುದು ಎಂದು ಅವನು ಕೇಳಲಿಲ್ಲ. ಖಾಲಿ ತಪ್ಪಲೆ ನೋಡಿದ, ಮುತ್ತಿ ಹೋದ ದಾರಿ ನೋಡಿದ.

“ಗೊತ್ತಿಲ್ದೆ ಏನು. ನಿನ್ನ ಕೈಯಿಂದ ಆ ಸೌಟು ಕಿತ್ಕೊಂಡಿದ್ರೆ ನೀನು ಮತ್ತೆ ಎದ್ದೇಳ್ತಿರಲಿಲ್ಲ ಕಣೆ. ಹುರುಳಿ ಹೋದ್ರೆ ಹೋಗ್ಲಿ ಅಂದೆ.” ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದ. “ರಾಮಮ್ಮ ಒಂದಿನಾನೂ ಗೊಣಗಲಿಲ್ಲ” ಎಂದ. ಅಷ್ಟು ಹೇಳಿ ಒಳಗೆ ಹೋದ. ಅವನ ಮಟ್ಟಿಗೆ ಅದು ಮುಗಿದ ವಿಷಯವಾಗಿತ್ತು. ಒಂದಿನಾನೂ ಗೊಣಗಲಿಲ್ಲ ಎನ್ನುವ ಮಾತು ಕಾಂತಮ್ಮನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚಿತು.

ರಾಮಮ್ಮ ಒದ್ದೆ ಬಟ್ಟೆಯ ಬುಟ್ಟಿಯೊಂದಿಗೆ ಬಂದಾಗ ಬಿಸಿಲು ಇಳಿದಿತ್ತು. ಕಾಂತಮ್ಮ ಎದ್ದು ಎದುರಿಗೆ ಹೋಗಿ ನಿಂತಳು. ಮುತ್ತಿ ಬಂದಿದ್ದಳು, ಮರಿ ತರುವ ವಿಷಯ ಕೇಳಿದಳು ಎಂದಳು. ಧ್ವನಿ ತನ್ನದೇ ಎಂದು ನಂಬಲಾಗದಷ್ಟು ಚೂಪಾಗಿತ್ತು. ರಾಮಮ್ಮ ಬುಟ್ಟಿ ಇಳಿಸಲಿಲ್ಲ. ಕಾಂತಮ್ಮ ಮಾತಾಡುತ್ತಲೇ ಹೋದಳು: ಎರಡು ವರ್ಷ ನನ್ನ ಮುಂದೆ ನಾಟಕವಾಡಿದಿರಿ, ನನ್ನನ್ನು ಮಗು ಮಾಡಿದಿರಿ, ನೀನು ಒಳಗೊಳಗೇ ಎಷ್ಟು ನಕ್ಕಿರಬೇಕು. ಹೇಳುವಾಗ ಕೈಗಳು ಗಾಳಿಗೆ ಸಿಕ್ಕ ಬಾಳೆ ಎಲೆಯಂತೆ ನಡುಗುತ್ತಿದ್ದವು. ಎದೆ ಕುಪ್ಪಸದ ಮೇಲೆಯೇ ಕಾಣುವಷ್ಟು ಹೊಡೆದುಕೊಳ್ಳುತ್ತಿತ್ತು. ರಾಮಮ್ಮ ಆ ಕೈಗಳನ್ನೇ ನೋಡುತ್ತಿದ್ದಳು.

“ಅಕ್ಕ, ಆ ಎರಡನೇ ಗುಳಿಗೆ ಬಿಟ್ಬಿಡು.”

ಮಾತು ತಪ್ಪಿಸಬೇಡ ಎಂದಳು ಕಾಂತಮ್ಮ.

“ತಪ್ಪಿಸ್ತಿಲ್ಲ. ನಿನ್ನ ನಾಲಿಗೆ ಸರಿಯಾಗೇ ಇದೆ. ಉಪ್ಪು ನಾನು ಹಾಕ್ತಿದ್ದೆ. ನೀನು ರುಚಿ ನೋಡಿ ಆಚೆ ಹೋದ್ಮೇಲೆ. ದಿನಾ ಅಲ್ಲ, ತಡ್ಕೊಳಕ್ಕಾಗದ ದಿನ.”

ಆಮೇಲೆ ಅವಳು ಬುಟ್ಟಿ ಇಳಿಸಿ, ಯಾರದೋ ಕತೆ ಹೇಳುವವಳಂತೆ ಹೇಳಿದಳು. ಮೊದಲು ಇನ್ನೊಂದು ತಪ್ಪಲೆ ಇಟ್ಟದ್ದು ಕರುಣೆಯಿಂದಲೇ, ದೇವರಾಣೆ. ಅಕ್ಕ ಮಲಗಿದ ಮೇಲೆ ತಪ್ಪಲೆ ಇಡುವಾಗ, ಇದು ನನ್ನದು ಎನ್ನುವ ಒಂದು ಸುಖ ಯಾವಾಗಲೋ ಶುರುವಾಯಿತು. ಊರೆಲ್ಲ ಉಂಡದ್ದು ತನ್ನ ಸಾರು. ಹೊಗಳಿಕೆ ಬೇರೆ ಕಡೆ ಹೋದರೂ ತನಗೆ ಗೊತ್ತಿತ್ತಲ್ಲ, ಅಷ್ಟು ಸಾಕಾಗಿತ್ತು. ಅಕ್ಕನಿಗೆ ವಾಸಿಯಾಗಲಿ ಎಂದು ಡಾಕ್ಟರ ಹತ್ತಿರ ಕರೆದೊಯ್ದದ್ದೂ ತಾನೇ. ವಾಸಿಯಾದ ಮೇಲೆ ಮಾತ್ರ ತಾನು ಮತ್ತೆ ಎಂಜಲು ತಟ್ಟೆಗೆ, ಬಟ್ಟೆ ಬುಟ್ಟಿಗೆ. ತಾನು ಏನೋ ಕಳೆದುಕೊಂಡೆನೆಂದು ಊರಲ್ಲಿ ಯಾರಿಗೂ ಕಾಣಲಿಲ್ಲ, ಯಾಕೆಂದರೆ ಅದು ತನ್ನದಾಗಿತ್ತೆಂದೇ ಯಾರಿಗೂ ಗೊತ್ತಿರಲಿಲ್ಲ. “ಡಾಕ್ಟ್ರು ಗುಳಿಗೆ ಜಾಸ್ತಿ ಮಾಡ್ತಾರೆ ಅಂತ ನಂಗೇನು ಗೊತ್ತು. ನಿನ್ನ ಕೈ ನಡುಗೋದು ನೋಡ್ದಾಗಿಂದ ಹೇಳ್ಬೇಕು ಹೇಳ್ಬೇಕು ಅಂತ. ಇವತ್ತೂ ಹಾಕ್ಬಾರ್ದು ಅಂತಲೇ ಇದ್ದೆ. ಹಾಕ್ಬಿಟ್ಟೆ.”

ಕಾಂತಮ್ಮನ ಕೈ ಎದ್ದಿತು, ಬೀಸಿತು. ಕೆನ್ನೆಗೆಂದು ಎತ್ತಿದ್ದು ಭುಜಕ್ಕೆ ಬಿತ್ತು. ನಡುಗುವ ಕೈಯ ಪೆಟ್ಟು ಪೆಟ್ಟಾಗಲಿಲ್ಲ, ತಟ್ಟಿ ಸಮಾಧಾನ ಮಾಡಿದಂತೆ ಆಯಿತು. ಅದಕ್ಕೂ ಅವಳಿಗೆ ಅವಮಾನವಾಯಿತು. ರಾಮಮ್ಮ ಬಟ್ಟೆ ಒಂದೊಂದಾಗಿ ಹಿಂಡಿ ತಂತಿಯ ಮೇಲೆ ಹಾಕತೊಡಗಿದಳು.

ಮುಂದಿನ ದಿನಗಳಲ್ಲಿ ಇಬ್ಬರೂ ಮಾತಾಡಲಿಲ್ಲ. ಕಾಂತಮ್ಮ ಒಂದೇ ಗುಳಿಗೆ ನುಂಗಿದಳು. ಸಾರು ಉಪ್ಪಾಗಲಿಲ್ಲ. ಒಲೆಯ ಮುಂದೆ ಅವಳ ತಲೆಯಲ್ಲಿ ಬೈಗುಳ ಕುದಿಯುತ್ತಿತ್ತು, ಆದರೆ ಬೈಗುಳದ ನಡುವೆ ಸಂಶಯವೊಂದು ತಲೆಹಾಕುತ್ತಿತ್ತು. ಹಿಂದಿನ ಕಾಂತಮ್ಮ ಸಾಧು ಎಂದು ಎಲ್ಲರೂ ಅನ್ನುತ್ತಿದ್ದರು. ಆ ಸಾಧುತನ ಗ್ರಂಥಿಯ ಸೋಮಾರಿತನವಾಗಿದ್ದರೆ, ಈಗಿನ ಈ ಸಿಟ್ಟು ಕುರಿಯ ಕೊರಳಿನದು ಯಾಕಾಗಬಾರದು? ಬಸ್ಸಿನಲ್ಲಿ ತಡವಾಗಿ ನಕ್ಕವಳು ಯಾರು, ಓರಗಿತ್ತಿಗೆ ಕೈ ಎತ್ತಿದವಳು ಯಾರು, ನಡುವೆ ಆಗಾಗ ಕಾರಣವಿಲ್ಲದೆ ಬೆಂಕಿಯಾಗಿ ಮರುಗಳಿಗೆ ತಣ್ಣಗಾಗುವ ಈ ಮೈ ಯಾರದು. ಹೀಗೆ ಒಂದೊಂದನ್ನೂ ಗ್ರಂಥಿಗೆ, ಗುಳಿಗೆಗೆ, ವಯಸ್ಸಿಗೆ ಹಂಚಿಕೊಟ್ಟರೆ ಕೊನೆಗೆ ತನ್ನ ಪಾಲಿಗೆ ಏನೂ ಉಳಿಯುವುದಿಲ್ಲವೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಸೋಮವಾರ ಬೆಳಿಗ್ಗೆ ಸೀರೆ ಬದಲಿಸಿ, ರಾಮಮ್ಮನ ಕಡೆ ನೋಡದೆ, ವಿರಾಜಪೇಟೆಗೆ ಹೋಗಬೇಕು, ನೀನೂ ಹೊರಡು ಎಂದಳು.

ದೇರಪ್ಪನವರು ನಾಡಿ ಹಿಡಿದು ಗಡಿಯಾರ ನೋಡುತ್ತಾ ತುಟಿ ಬಿಗಿದರು. ಕೈ ಮುಂದಕ್ಕೆ ಚಾಚಿ ಹಿಡಿಯಲು ಹೇಳಿ, ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಕಾಗದದ ಅಂಚು ನಡುಗಿತು. ಉಪ್ಪಿನ ತೊಂದರೆ ಹೇಗಿದೆ ಎಂದು ಕೇಳಿದರು. ಬೆಂಚಿನ ತುದಿಯಲ್ಲಿ ಕುಳಿತಿದ್ದ ರಾಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕಾಂತಮ್ಮ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ಬೇರೆ. ಈಗ ಹೇಳಿದ್ದು ಇಷ್ಟು: “ನಾಲಿಗೆ ಸರಿಯಾಗೇ ಇತ್ತು ಸ್ವಾಮಿ. ಉಪ್ಪು ಬೇರೆ ಕಡೆಯಿಂದ ಬೀಳ್ತಿತ್ತು. ಮನೇಲಿ ತಿಳೀತು.”

ಡಾಕ್ಟರು ಒಬ್ಬಳಿಂದ ಇನ್ನೊಬ್ಬಳ ಕಡೆ ನೋಡಿದರು. ಕಾಗದ ಎತ್ತಿ ಮೇಜಿನ ಮೇಲಿಟ್ಟರು.

“ನೋಡಿ ಅಮ್ಮ, ಗ್ರಂಥಿಯನ್ನು ಬಿಚ್ಚಿ ನೋಡಲು ನನ್ನಿಂದ ಆಗುವುದಿಲ್ಲ. ನೀವು ಹೇಳಿದ್ದನ್ನು ನಂಬಿ ನಾನು ಔಷಧಿ ಅಳೆಯಬೇಕು. ಎರಡು ಗುಳಿಗೆ ಹೀಗೇ ನಡೆದಿದ್ದರೆ ನಿಮ್ಮ ಎದೆ ತಡೆಯುತ್ತಿರಲಿಲ್ಲ.” ಆಮೇಲೆ ರಾಮಮ್ಮನತ್ತ ತಿರುಗಿ, “ಬಂದು ಹೋಗುವ ಸೆಕೆ ಇದೆಯಲ್ಲ, ಅದು ವಯಸ್ಸಿನದು, ಅದಕ್ಕೆ ಹೆದರಬೇಡಿ. ಬಿಡದೆ ಎದೆ ಹೊಡೆದರೆ ಗುಳಿಗೆ ಹೆಚ್ಚಾಗಿದೆ ಅಂತ. ಮತ್ತೆ ಚಳಿ, ತೂಕಡಿಕೆ ಬಂದರೆ ಕಡಿಮೆಯಾಗಿದೆ ಅಂತ. ಇವರಿಗೆ ತಮ್ಮದು ತಮಗೆ ತಿಳಿಯುವುದು ಕಷ್ಟ. ಮೊದಲು ನೀವು ತಾನೇ ಕಂಡು ಕರೆದುಕೊಂಡು ಬಂದದ್ದು? ನೀವೇ ನೋಡಿಕೊಳ್ಳಿ” ಎಂದರು. ಒಂದು ವಾರ ಗುಳಿಗೆ ಪೂರ್ತಿ ನಿಲ್ಲಿಸಿ, ಆಮೇಲೆ ಒಂದರಂತೆ ತೆಗೆದುಕೊಳ್ಳಲು ಹೇಳಿದರು. ರಾಮಮ್ಮ ತಲೆಯಾಡಿಸಿದಳು. ಕಣ್ಣು ಎತ್ತಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಬಿಟ್ಟಂಗಾಲದ ಹತ್ತಿರ ಬಸ್ಸು ಹಸುಗಳಿಗಾಗಿ ನಿಂತಾಗ ಕಾಂತಮ್ಮ, ಕಿಟಕಿಯಾಚೆ ನೋಡುತ್ತಲೇ, ನಾಳೆಯಿಂದ ಸಾರು ನೀನೇ ಇಡು, ನಾನು ಪಲ್ಯ ಮುದ್ದೆ ನೋಡಿಕೊಳ್ಳುತ್ತೇನೆ ಎಂದಳು. ಹಸುಗಳು ದಾಟಿ ಬಸ್ಸು ಹೊರಟಿತು. ಆಮೇಲೆ ರಾಮಮ್ಮ, ಸಿಟ್ಟಿಗೆ ಹೇಳ್ತಿದ್ದೀಯಾ ಎಂದು ಕೇಳಿದಳು. ಕಾಂತಮ್ಮ ಯೋಚಿಸಿದಳು. ಗೊತ್ತಿಲ್ಲ, ಆದರೂ ನೀನೇ ಇಡು ಎಂದಳು.

ಮರುದಿನ ಮಧ್ಯಾಹ್ನ ಮೆಣಸಿನ ದಲ್ಲಾಳಿ ಬೆಳ್ಯಪ್ಪ ಉಂಡು, ಕೈತೊಳೆಯಲು ಹಿಂದಕ್ಕೆ ಬಂದವನು, ಅಕ್ಕ, ಸಾರು ಇವತ್ತು ಮೊದಲಿನ ಹಾಗಿತ್ತು ಎಂದು ಅಭ್ಯಾಸದಂತೆ ಕಾಂತಮ್ಮನ ಕಡೆ ನೋಡಿ ಹೇಳಿದ. ಕಾಂತಮ್ಮ ಮುದ್ದೆ ಕಟ್ಟುತ್ತಿದ್ದಳು. ಅದು ನನ್ನದಲ್ಲ, ರಾಮಮ್ಮನದು ಎಂದಳು. ಹಿಂದಿನದೂ ಅವಳದೇ ಎಂದು ಸೇರಿಸಿದಳು. ಬೆಳ್ಯಪ್ಪ ಹೌದಾ ಎಂದು ರಾಮಮ್ಮನ ಕಡೆ ತಿರುಗಿ ಇನ್ನೇನೋ ಒಳ್ಳೆಯ ಮಾತಾಡಿದ. ರಾಮಮ್ಮ ಕೆಂಪಾಗಿ, ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದಳು. ಅದನ್ನು ನೋಡುತ್ತಾ ಕಾಂತಮ್ಮನ ಎದೆಯ ಕೆಳಗೆ ಏನೋ ಹಿಂಡಿತು. ಅದಕ್ಕೆ ಬೆವರಿರಲಿಲ್ಲ, ಹೊಡೆತವಿರಲಿಲ್ಲ. ಗುಳಿಗೆಯೂ ನಿಂತಿತ್ತು. ಹೊಟ್ಟೆಕಿಚ್ಚು. ಹುಡುಗಿಯಾಗಿದ್ದಾಗ ತಂಗಿಗೆ ಹೊಸ ಲಂಗ ತಂದ ದಿನ ಆಗಿತ್ತಲ್ಲ, ಅದೇ, ಒಂದು ಚೂರೂ ಬದಲಾಗದೆ. ಇದನ್ನು ಬೇರೆ ಯಾವುದರ ಲೆಕ್ಕಕ್ಕೂ ಹಾಕುವ ಹಾಗಿರಲಿಲ್ಲ. ಕಾಂತಮ್ಮ ಅದನ್ನು ಗುರುತು ಹಿಡಿದು, ಕೈಯಲ್ಲಿದ್ದ ಮುದ್ದೆಯನ್ನು ಒದ್ದೆ ಅಂಗೈಯಲ್ಲಿ ಉರುಳಿಸಿ ನುಣ್ಣಗೆ ಮಾಡಿದಳು.

ಗಿರಾಕಿಗಳು ಹೋದ ಮೇಲೆ ಅವಳು ಒಂದು ತಟ್ಟೆ ತೆಗೆದುಕೊಂಡು ಮುಂಭಾಗಕ್ಕೆ ಬಂದು ಬೆಂಚಿನ ಮೇಲೆ ಕುಳಿತಳು. ಗಲ್ಲಾದಲ್ಲಿದ್ದ ಸಣ್ಣಸ್ವಾಮಿ ತಲೆಯೆತ್ತಿ ನೋಡಿದ. ಇಷ್ಟು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಕುಳಿತದ್ದಿಲ್ಲ. ಎರಡು ವರ್ಷ ಊರೆಲ್ಲ ಉಂಡ ಸಾರನ್ನು ಉಣ್ಣದವಳು ಅವಳೊಬ್ಬಳೇ. ತನ್ನ ತಪ್ಪಲೆಯಿಂದ ಒಂದು ಚೆಂಬು ಮೊದಲೇ ಎತ್ತಿಟ್ಟುಕೊಂಡು ಅದನ್ನೇ ಉಣ್ಣುತ್ತಿದ್ದಳು. ರಾಮಮ್ಮಾ, ಊಟ ಹಾಕು ಎಂದು ಕರೆದಳು. ರಾಮಮ್ಮ ಮುದ್ದೆ ಇಟ್ಟು, ಸಾರು ಬಡಿಸಿ, ಹೋಗದೆ ಅಲ್ಲೇ ನಿಂತಳು. ಕಾಂತಮ್ಮ ಮುರಿದು, ಅದ್ದಿ, ನುಂಗಿದಳು. ಹುರುಳಿ ಚೆನ್ನಾಗಿ ಬೆಂದಿತ್ತು. ಬೆಳ್ಳುಳ್ಳಿಯನ್ನು ಸುಟ್ಟು ಹಾಕಿದ್ದಳು, ಜೊತೆಗೆ ಕಾಂತಮ್ಮ ಎಂದೂ ಹಾಕದ ಒಂದೆರಡು ಕಾಳುಮೆಣಸು. ಅದು ಗಂಟಲಿಗೆ ತಡವಾಗಿ, ಆದರೆ ಸರಿಯಾದ ಹೊತ್ತಿಗೆ ತಾಗುತ್ತಿತ್ತು. ಇನ್ನೊಂದು ತುತ್ತು ನುಂಗಿ ನೋಡಿದಳು.

“ಹುಣಿಸೆ ಒಂದು ಚೂರು ಮುಂದಾಯ್ತು.”

“ಹೌದಾ” ಎಂದಳು ರಾಮಮ್ಮ.

“ಹ್ಞೂ. ಇನ್ನೊಂದು ಸೌಟು ಹಾಕು.”